ನಳ ಬಂದ ದಿನದ ಕಸ

ವಿಜಯಪುರದ ಬನ್ನಿಗಿಡದ ಓಣಿಯ ಗುರುಸಿದ್ದವ್ವನಷ್ಟು ಅನುಮಾನದವಳು ಭೂಮಂಡಲದಲ್ಲೇ ಇರಲಿಲ್ಲ. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎನ್ನುವಳು. ನಗದಿದ್ದರೆ ಹೆಚ್ಚೇ ಬಿದ್ದಿದೆ ಎನ್ನುವಳು. ಅವಳ ಮನೆಯ ಪಕ್ಕದ ಖಾಲಿ ಜಾಗದಲ್ಲೊಂದು ಕಸದ ಗುಡ್ಡವಿತ್ತು. ಅದರ ತುದಿ ಹತ್ತಿದರೆ ಬಬಲೇಶ್ವರ ಕಾಣುತ್ತಿತ್ತು, ನನ್ನಾಣೆ.

"ಕಸದ ಗಾಡಿ ಚಾಂದಬಿ ಬೇಕಂತನ ನಮ್ಮ ಓಣಿ ತಪ್ಪಸ್ತಾಳ," ಎಂದು ದೂರು ಬರೆಸಿ, ಹನ್ನೊಂದು ಮನೆಯವರ ಸಹಿ ಹಾಕಿಸಿದ್ದಳು. ಆ ಕಾಗದ ಪಾಲಿಕೆ ಮುಟ್ಟಿದರೆ ಚಾಂದಬಿಯ ಕೆಲಸ ಹೋದಂತೆಯೇ.

ಹನ್ನೆರಡನೆಯ ಸಹಿಗೆ ಎದುರುಮನೆಯ ಶರ್ವರಿಯ ಬಳಿ ಬಂದಳು. ಕಾಲೇಜಿನಲ್ಲಿ ಗಣಿತ ಕಲಿಸುವ ಶರ್ವರಿ ಪೆನ್ನು ಮುಟ್ಟಲಿಲ್ಲ.

"ಕಾಕು, ಗಾಡಿ ಎಲ್ಲಿ, ಎಷ್ಟಕ್ಕ ನಿಂತಿತ್ತು ಅನ್ನೂದನ್ನ ಪಾಲಿಕೆಯವರು ಎಲ್ಲಾರಿಗೂ ಕಾಣೂಹಂಗ ವೆಬ್‌ಸೈಟಿನ್ಯಾಗ ಹಾಕ್ಯಾರ. ಮೂರು ತಿಂಗಳದ್ದು ನೋಡೇನಿ. ಆಕಿ ಒಂದಿನಾನೂ ತಪ್ಪಿಸಿಲ್ಲ."

"ಆಕಿ ನಿನಗೇನ ತಿನಿಸ್ಯಾಳ ಬೇ? ಮೊಬೈಲದಾಗ ಯಾರ ಬೇಕಾದ್ರೂ ಏನ ಬೇಕಾದ್ರೂ ಬರೀತಾರ!"

"ಆತು. ನೀವು ಗುಡ್ಡಕ್ಕ ಕಸಾ ಒಗಿಯೂದು ಯಾವಾಗ್ರಿ?"

"ಗಾಡಿ ಬರದ ದಿನ."

"ಅದು ನಳ ಬಂದ ದಿನ ಅಲ್ರಿ?"

ಗುರುಸಿದ್ದವ್ವ ತನ್ನ ಮೇಲೇ ಅನುಮಾನಪಟ್ಟು ಬೆರಳು ಮಡಚಿ ದಿನ ಎಣಿಸಿದಳು. ಓಣಿಯ ಇತಿಹಾಸದಲ್ಲೇ ಅದು ಮೊದಲು. ಗಾಡಿಯ ಪಟ್ಟಿಯ ಪಕ್ಕದಲ್ಲಿ ಶರ್ವರಿ ನೀರು ಬಿಡುವ ಪಟ್ಟಿಯನ್ನೂ ಇಟ್ಟು ನೋಡಿದ್ದಳು: ಎರಡೂ ಬೆಳಿಗ್ಗೆ ಏಳಕ್ಕೇ. ನೀರಿನ ದಿನ ಓಣಿಯ ಮೋಟರುಗಳೆಲ್ಲ ಒಟ್ಟಿಗೆ ಗುಡುಗುತ್ತವೆ. ಆಗ ಗಾಡಿಯ ಹಾಡಿರಲಿ, ಸಿಡಿಲು ಬಿದ್ದರೂ ಯಾರಿಗೂ ಕೇಳಿಸದು.

ಶರ್ವರಿ ಇದನ್ನೆಲ್ಲ ಹೇಳಿದರೂ ಗುರುಸಿದ್ದವ್ವ ನಂಬಲಿಲ್ಲ. ಮುಂದಿನ ಸಲ ನಳ ಬಂದಾಗ ಕೊಡ ಬಿಟ್ಟು, ಕಳ್ಳನನ್ನು ಹಿಡಿಯುವವಳಂತೆ ಓಣಿಯ ತುದಿಯಲ್ಲಿ ಕುಳಿತಳು. ಏಳಕ್ಕೆ ಗಾಡಿ ಬಂತು. ಅದರ ಹಾಡು ಹತ್ತು ಹೆಜ್ಜೆಯಾಚೆ ಕೇಳಲಿಲ್ಲ. ಚಾಂದಬಿ ಮುಖ ಕೆಂಪಗಾಗುವಂತೆ ಸೀಟಿ ಊದಿದಳು. ಒಂದು ಬಾಗಿಲೂ ತೆರೆಯಲಿಲ್ಲ.

"ದಿನಾ ಹಿಂಗ ಊದತೀಯೇನ ಬೇ?"

"ನೀರಿನ ದಿನ ಜಾಸ್ತಿ ಊದತೇನ್ರಿ ಯವ್ವಾ. ಒಬ್ರೂ ಹೊರಗ ಬರಂಗಿಲ್ಲ. ನನ್ನ ಮ್ಯಾಲ ಸಿಟ್ಟ ಐತೇನೋ ಅನ್ಕೊಂಡಿದ್ದೆ."

ಗುರುಸಿದ್ದವ್ವ ಸೆರಗು ಸರಿಪಡಿಸಿಕೊಂಡಳು. "ನೀರಿನ ದಿನ ಅಷ್ಟ, ನಳ ನಿಂತ ಮ್ಯಾಲ ಒಂಬತ್ತಕ್ಕ ಬಂದ್ರ?"

"ಹಿಂದಿನ ಓಣಿ ಮೊದಲ ಮುಗಿಸಿ ಬರ್ತೇವ್ರಿ. ಅಲ್ಲಿ ನೀರು ಬ್ಯಾರೆ ದಿನ."

ಮನೆಗೆ ಬಂದವಳೇ ದೂರಿನ ಕಾಗದ ಹೊರಳಿಸಿ, ಖಾಲಿ ಹಿಂಬದಿಗೆ ಶರ್ವರಿಯಿಂದ ಬರೆಸಿದಳು: 'ಗಾಡಿ ದಿನಾ ಏಳಕ್ಕೆ. ನಳ ಬಂದ ದಿನ ಒಂಬತ್ತಕ್ಕೆ.' ಗೋಧಿಹಿಟ್ಟಿನ ಅಂಟು ಬಳಿದು ತನ್ನ ಬಾಗಿಲಿಗೇ ಹಚ್ಚಿದಳು. ಹನ್ನೊಂದು ಸಹಿಗಳು ಅಂಟಿನೊಳಗೆ ಹೋದವು.

ಮತ್ತೆ ನೀರು ಬಂದ ದಿನ ಒಂಬತ್ತಕ್ಕೆ ಎಲ್ಲರಿಗಿಂತ ಮೊದಲು ಬುಟ್ಟಿ ಹಿಡಿದು ನಿಂತವಳು ಅವಳೇ.

"ಎರಡ ಮಿನಿಟ ತಡಾ ಮಾಡೀದಿ," ಎಂದು ಗಡಿಯಾರ ತೋರಿಸಿ, ಚಾಂದಬಿಯ ಕೈಗೊಂದು ತುಂಬಿದ ತಂಬಿಗೆ ಕೊಟ್ಟಳು. "ಹೊಸಾ ನೀರು. ಕುಡಿ. ಊದಿ ಊದಿ ಗಂಟಲ ಒಣಗಿರಬೇಕು."