ಕನ್‌ಸೈನಿಯ ವಿಳಾಸ

ಪರದೆಯ ಮೇಲಿದ್ದ ಆ ನಾಲ್ಕು ಸಾಲನ್ನು ಗುಮಾಸ್ತ ನೂರಾ ಹದಿನೇಳನೆಯ ಸಲ ಓದುತ್ತಿದ್ದ. ಇದೂ ಕಮ್ಮಿಯೇ ಹೇಳಿದ್ದು. ಬೆಳಗ್ಗೆ ಒಂಬತ್ತರಿಂದ ಅವನು ಓದಿದ್ದನ್ನೆಲ್ಲ ಒಂದರ ಕೆಳಗೊಂದು ಬರೆದಿಟ್ಟಿದ್ದರೆ ದಪ್ಪನೆಯ ಕಾದಂಬರಿಯೊಂದು ಆಗುತ್ತಿತ್ತು. ಸಮುದ್ರದಾಚೆಯ ಬಂದರಿನ ಏಜೆಂಟರು ಬರೆದಿದ್ದರು: 'ಹಡಗು ತಲುಪಿದೆ. ಹನ್ನೊಂದು ಪೆಟ್ಟಿಗೆಗಳ ಈ ಸರಕನ್ನು ಬಿಟ್ಟುಕೊಡಲು ಆಗುತ್ತಿಲ್ಲ. ಕನ್‌ಸೈನಿಯ, ಅಂದರೆ ಮಾಲು ಪಡೆಯಬೇಕಾದವರ, ವಿಳಾಸ ನಮ್ಮ ದೇಶದ್ದಲ್ಲ. ವಿಳಾಸ ತಿದ್ದಿಸುತ್ತೀರೋ, ಇಲ್ಲ ಬಿಲ್ಲಿನಲ್ಲಿರುವ ವಿಳಾಸಕ್ಕೇ ಮಾಲನ್ನು ಹಿಂದಕ್ಕೆ ಕಳಿಸಬೇಕೋ, ಏಳು ದಿನದೊಳಗೆ ತಿಳಿಸಿ.'

ಬಿಲ್ಲಿನಲ್ಲಿದ್ದ ವಿಳಾಸ ಹೀಗಿತ್ತು: ಬಾಗಿಲು ಸಂಖ್ಯೆ ಹನ್ನೆರಡು, ಮೂರನೆಯ ಮಹಡಿ, ಹಿಟ್ಟಿನ ಗಿರಣಿಯ ಹಿಂಭಾಗ. ಅದು ಗುಮಾಸ್ತನ ಮನೆ. ಟೈಪು ಮಾಡಿದವನೂ ಗುಮಾಸ್ತನೇ.

ಇವನು ಎಂಥ ಗುಮಾಸ್ತ ಎಂದು ತಿಳಿಯದೆ ಮುಂದೆ ಹೋದರೆ ಈ ತಪ್ಪಿನ ಗಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಭೂಮಿಯ ಮೇಲೆ ನೀರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹುಡುಕಿದರೂ ಅವನಷ್ಟು ಕಟ್ಟುನಿಟ್ಟಾಗಿ ಬಿಲ್ ಆಫ್ ಲೇಡಿಂಗ್ ಬರೆಯುವವನು ಸಿಗುವುದಿಲ್ಲ. ಹಡಗು ಹತ್ತುವ ಮಾಲಿಗೆ ಜನನಪತ್ರ, ಗುರುತಿನ ಚೀಟಿ, ಬೀಗದ ಕೈ ಎಲ್ಲವೂ ಆ ಬಿಲ್ಲೇ. ಕಳಿಸಿದವರು ಯಾರು, ಪಡೆಯುವವರು ಯಾರು, ಬಂತೆಂದು ಯಾರಿಗೆ ಸುದ್ದಿ ಮುಟ್ಟಿಸಬೇಕು, ತೂಕ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಮೂಲಪ್ರತಿ ಕೈಯಲ್ಲಿಲ್ಲದಿದ್ದರೆ ಸ್ವಂತ ಮಾಲೂ ಸ್ವಂತದ್ದಲ್ಲ. ಬೇರೆಯವರು ಬರೆದ ಕರಡಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಇವನು ವಾಪಸು ಕಳಿಸುತ್ತಿದ್ದ. ಹಾಗಾಗಿ ಇಡೀ ಬಂದರು ಅವನನ್ನು ಕರೆಯುತ್ತಿದ್ದುದೇ ಅಲ್ಪವಿರಾಮ ಎಂದು. ಒಮ್ಮೆ ತೂಕದ ಅಂಕಣದಲ್ಲಿ ಒಂದು ಸೊನ್ನೆ ಹೆಚ್ಚಾಗಿದೆಯೆಂದು, ಮೂರು ಫುಟ್‌ಬಾಲ್ ಮೈದಾನದಷ್ಟು ಉದ್ದದ ಹಡಗನ್ನು ಒಂದು ಪೆನ್ಸಿಲಿನಿಂದ ತಡೆದು ನಿಲ್ಲಿಸಿದ್ದ. ಕ್ಯಾಪ್ಟನ್ ಅತ್ತನಂತೆ. ಅತ್ತನೋ ಇಲ್ಲವೋ, ಕಣ್ಣು ಕೆಂಪಾಗಿದ್ದನ್ನು ಕಂಡವರಿದ್ದಾರೆ.

"ಅಲ್ಪವಿರಾಮದೋರೇ, ಆ ಹನ್ನೊಂದು ಪೆಟ್ಟಿಗೆದು ಏನು ಕಥೆ? ನಂಗೂ ಕಾಪಿ ಬಂದಿದೆ," ಎಂದು ಮ್ಯಾನೇಜರು ಚಹಾದ ಲೋಟ ಹಿಡಿದು ಮೇಜಿನ ಹತ್ತಿರ ಬಂದರು.

"ನೋಡ್ತಾ ಇದೀನಿ ಸಾರ್."

"ವಿಳಾಸ ತಪ್ಪಂತಲ್ಲ. ಯಾವನು ಟೈಪ್ ಮಾಡ್ದೋನು?"

"ನಾನೇ."

ಮ್ಯಾನೇಜರು ನಕ್ಕರು. ಇಪ್ಪತ್ತೇಳು ವರ್ಷಗಳಲ್ಲಿ ಇವನು ಮಾಡಿದ ಮೊದಲ ತಮಾಷೆ ಅದೆಂದು ತಿಳಿದು ಸ್ವಲ್ಪ ಜಾಸ್ತಿಯೇ ನಕ್ಕರು. ಆಮೇಲೆ ಅವನ ಮುಖ ನೋಡಿ, ಬಗ್ಗಿ ಪರದೆ ನೋಡಿ, ಲೋಟ ಕೆಳಗಿಟ್ಟರು.

"ನಿಮ್ಮಕ್ಕನ ಸಾಮಾನಾ ಇದು?"

"ಹೌದು ಸಾರ್."

"ಹೋಗ್ಲಿ ಬಿಡಿ. ಒಂದು ಸಾಲು ಉತ್ತರ. ತಿದ್ದಿಸ್ತೀನಿ ಅನ್ನಿ, ಇಲ್ಲ ಕಳಿಸಿ ಅನ್ನಿ. ಏಳು ದಿನ ದಾಟಿದ್ರೆ ಗೋದಾಮು ಬಾಡಿಗೆ ಶುರು ಆಗತ್ತೆ, ಅಷ್ಟೇ."

ಅಷ್ಟೇ ಆಗಿದ್ದರೆ ಅದು ಅರ್ಧ ನಿಮಿಷದ ಕೆಲಸ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಅವನಿಗೆ ಹನ್ನೊಂದು ತುಂಬುವ ಹೊತ್ತಿಗೆ ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಅವತ್ತಿನಿಂದ ಅವಳು ಹೊಲಿಗೆ ಯಂತ್ರದ ಮುಂದೆ ಕೂತವಳು ನಲವತ್ತು ವರ್ಷ ಏಳಲಿಲ್ಲ. ಆ ಊರಿನ ಅರ್ಧ ಜನ ಮರ್ಯಾದೆಯಿಂದ ಬೀದಿಯಲ್ಲಿ ಓಡಾಡುತ್ತಿದ್ದುದು ಅವಳ ದಯೆಯಿಂದಲೇ. ಇಲ್ಲದಿದ್ದರೆ ಪ್ಯಾಂಟು ಜಾರಿ ಎಂದೋ ಊರು ಖಾಲಿಯಾಗುತ್ತಿತ್ತು. ಅವಳು ಮದುವೆಯಾಗಲಿಲ್ಲ. ಅವನೂ ಆಗಲಿಲ್ಲ. ಯಾಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಮೂರನೆಯವರು ಮಲಗುವುದೆಲ್ಲಿ?

ಹೀಗಿರುವಾಗ, ಬೇರೆ ದೇಶದಿಂದ ಬಂದು ಇದೇ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ ಒಬ್ಬ ಮಹಾಕಾಯ, ಪ್ಯಾಂಟಿನ ಸೊಂಟ ಬಿಡಿಸಿಕೊಡಿ ಎಂದು ಮೆಟ್ಟಿಲು ಹತ್ತಿ ಬಂದ. ಅವನ ಸೊಂಟ ಅಳೆಯಲು ಅಕ್ಕನಿಗೆ ಎರಡು ಟೇಪು ಬೇಕಾದವು. ಎರಡು ತಿಂಗಳಲ್ಲಿ ಹನ್ನೊಂದು ಸಲ ಬಂದ, ಪ್ರತಿ ಸಲವೂ ಇನ್ನೊಂದು ಇಂಚು ಬಿಗಿಯಾಗಿದೆ ಎಂದ. ಅವನು ಹೇಳಿದಷ್ಟು ನಿಜಕ್ಕೂ ಬೆಳೆದಿದ್ದರೆ ಅವನನ್ನು ಅವನದೇ ಕ್ರೇನಿನಿಂದ ಕಿಟಕಿಯ ಮೂಲಕ ಇಳಿಸಬೇಕಾಗುತ್ತಿತ್ತು. ನಿವೃತ್ತನಾಗಿ ತನ್ನ ದೇಶಕ್ಕೆ ಹೊರಡುವ ಮುಂಚೆ ಅಕ್ಕನನ್ನು ಕೇಳಿದ. ಐವತ್ತೇಳು ವರ್ಷದ ಅಕ್ಕ ಹೂಂ ಎಂದಳು. ನೋಂದಣಿ ಕಚೇರಿಯಲ್ಲಿ ಗುಮಾಸ್ತನೇ ಸಾಕ್ಷಿ ಹಾಕಿದ.

ಅಕ್ಕನ ಸಾಮಾನಿನ ಬಿಲ್ಲನ್ನು ಬೇರೆ ಯಾರೂ ಮುಟ್ಟಕೂಡದೆಂದು ಹಟ ಹಿಡಿದು ಅವನೇ ಬರೆದಿದ್ದ. ಕರಡನ್ನು ಕಳಿಸುವವರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ಕಚೇರಿಯ ಪದ್ಧತಿ. ಕಳಿಸುವವಳು ಮನೆಯಲ್ಲೇ ಇದ್ದಳು. ಊಟದ ತಟ್ಟೆ ಸರಿಸಿ ಕಾಗದ ಮುಂದಿಟ್ಟಾಗ, "ನೀನು ಬರೆದದ್ದು ತಾನೇ, ಇನ್ನೇನು ನೋಡೋದು," ಎಂದಳು. "ನೋಡ್ಬೇಕು ಅಕ್ಕ, ರೂಲ್ಸು," ಎಂದ. ಅವಳು ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಹಿಡಿದು, ಸಹಿ ಹಾಕಿ ಕೊಟ್ಟಳು. ಪಡೆಯುವವರೂ ಅಕ್ಕ, ಆದ್ದರಿಂದ ಬೆರಳುಗಳು ತಾವಾಗಿ ಮನೆಯ ವಿಳಾಸ ಒತ್ತಿದ್ದವು. ಅವನ ಬಿಲ್ಲನ್ನು ಇನ್ನೊಬ್ಬರು ಪರೀಕ್ಷಿಸುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ. ಯಾರಿಗೆ ಅಷ್ಟು ಧೈರ್ಯ?

ಪೆಟ್ಟಿಗೆಗಳು ಹೋದ ದಿನ ಅವನೂ ಗೋದಾಮಿಗೆ ಹೋಗಿದ್ದ. ಯಾರದೋ ಟೈರುಗಳು, ಯಾರದೋ ನೆಲದ ಹಾಸುಗಲ್ಲು, ಯಾರದೋ ಪಿಯಾನೊ, ಎಲ್ಲದರ ಜೊತೆ ಒಂದೇ ಕಂಟೇನರಿನಲ್ಲಿ, ಹೊಲಿಗೆ ಯಂತ್ರವೂ ಸೇರಿ, ಅಕ್ಕನ ಹನ್ನೊಂದು ಪೆಟ್ಟಿಗೆ. ಅವಳ ನಲವತ್ತು ವರ್ಷ ಆ ಕಂಟೇನರಿನ ಒಂದು ಮೂಲೆಯನ್ನೂ ತುಂಬಲಿಲ್ಲ. ಮಾರನೆಯ ದಿನ ಅಕ್ಕ ವಿಮಾನ ಹತ್ತಿದಳು.

ಮನೆ ಎರಡೇ ಕೋಣೆಯದು, ಹೇಳಿದೆನಲ್ಲ. ಅವಳು ಹೋದ ಮೇಲೆ ಅದು ಎಷ್ಟು ದೊಡ್ಡದಾಯಿತೆಂದರೆ, ಅಡುಗೆಮನೆಯಿಂದ ಹಾಸಿಗೆಯವರೆಗೆ ನಡೆಯುವಷ್ಟರಲ್ಲಿ ಚಹಾ ಆರಿ ತಣ್ಣಗಾಗುತ್ತಿತ್ತು. ಚಮಚ ಬಿದ್ದರೆ ಅದರ ಸದ್ದು ಮೂಲೆಮೂಲೆ ಸುತ್ತಿ ಮರುದಿನ ವಾಪಸು ಬರುತ್ತಿತ್ತು. ಸಂಜೆ ಅವನು ಬಿಸ್ಕತ್ತಿನ ಪೊಟ್ಟಣದ ಮೇಲೆ ಅಚ್ಚಾದದ್ದನ್ನು ಗಟ್ಟಿಯಾಗಿ ಓದುತ್ತಿದ್ದ. ನಿವ್ವಳ ತೂಕ, ತಯಾರಾದ ದಿನಾಂಕ, ತಂಪಾದ ಒಣ ಜಾಗದಲ್ಲಿಡಿ. ಮನೆಯಲ್ಲಿ ಒಂದು ದನಿ ಇರಲಿ ಎಂದು.

ಏಜೆಂಟರ ಪತ್ರಕ್ಕೆ ಮೊದಲ ದಿನ ಅವನು ಉತ್ತರ ಕೊಡಲಿಲ್ಲ. ಎರಡನೆಯ ದಿನ, 'ಬಿಲ್ಲಿನಲ್ಲಿರುವ ವಿಳಾಸಕ್ಕೆ ಹಿಂದಕ್ಕೆ ಕಳಿಸಿ' ಎಂದು ಟೈಪು ಮಾಡಿ ಅಳಿಸಿದ. ಮೂರನೆಯ ದಿನ ಮತ್ತೆ ಟೈಪು ಮಾಡಿದ, ಅಳಿಸಲಿಲ್ಲ, ಕಳಿಸಲೂ ಇಲ್ಲ. ಹಡಗು ಹಿಂದಿರುಗಲು ಇಪ್ಪತ್ತೇಳು ದಿನ. ಆಮೇಲೆ ಪೆಟ್ಟಿಗೆಗಳು ಮೂರು ಮಹಡಿ ಹತ್ತಿ ಬರುತ್ತವೆ, ಯಂತ್ರ ಕಿಟಕಿಯ ಪಕ್ಕ ಕೂರುತ್ತದೆ. ಯಂತ್ರ ಇಲ್ಲಿದ್ದರೆ ಅಕ್ಕ ಎಷ್ಟು ದಿನ ಅಲ್ಲಿರುತ್ತಾಳೆ? ಕಾಗದದ ಪ್ರಕಾರ ನೋಡಿದರೆ ಇದರಲ್ಲಿ ಯಾರ ತಪ್ಪೂ ಇಲ್ಲ. ಬಿಲ್ಲಿನಲ್ಲಿ ಏನಿದೆಯೋ ಅದೇ ನಿಜ ಎಂದು ಅವನೇ ಇಪ್ಪತ್ತೇಳು ವರ್ಷದಿಂದ ಸಾವಿರ ಜನಕ್ಕೆ ಹೇಳಿದ್ದ. ನಾಲ್ಕನೆಯ ದಿನವೂ ಆ ಸಾಲು ಹಾಗೆಯೇ ಪರದೆಯ ಮೇಲೆ ಕೂತಿತ್ತು.

ಐದನೆಯ ದಿನ ಭಾನುವಾರ. ಭಾನುವಾರ ಹನ್ನೊಂದಕ್ಕೆ ಅಕ್ಕನ ಫೋನು ಬರುತ್ತದೆ. ಅವಳು ಏನು ಕೇಳಿದರೂ ಇವನದು ಹೂಂ, ಇಲ್ಲ, ಸರಿ, ಈ ಮೂರೇ ಉತ್ತರ. ಈ ಸಲ ಬಂದದ್ದು ಭಾವನ ದನಿ.

"ಯಾರು, ನಮ್ಮ ಸಾಕ್ಷಿಗಳಾ?"

"ಅಕ್ಕ ಇಲ್ವಾ?"

"ಇದಾಳೆ. ಕೈ ಖಾಲಿ ಇಲ್ಲ. ಬಂದ ವಾರದಲ್ಲೇ ಇಲ್ಲಿನ ಸ್ಕೂಲಿಂದು ನಲವತ್ತು ಯೂನಿಫಾರ್ಮ್ ಒಪ್ಕೊಂಡಿದಾಳಪ್ಪಾ. ಮೆಷಿನ್ ತಿಂಗಳೊಳಗೆ ಬರತ್ತೆ, ನನ್ನ ತಮ್ಮ ಕಳಿಸಿರೋದು, ಒಂದು ದಿನ ಆಚೀಚೆ ಆಗಲ್ಲ ಅಂತ ಹೆಡ್‌ಮಿಸ್ಟ್ರೆಸ್‌ಗೆ ಮಾತು ಕೊಟ್ಟು ಬಂದ್ಳು. ಈಗ ಕೈಯಲ್ಲೇ ಹೊಲೀತಾ ಕೂತಿದಾಳೆ. ನಾನೂ ಸಹಾಯ ಮಾಡ್ದೆ. ಎರಡು ಗುಂಡಿ ಹಾಕ್ದೆ. ಒಂದು ನನ್ನ ಪ್ಯಾಂಟಿಗೇ ಸೇರ್ಕೊಂಡ್ಬಿಡ್ತು. ಈಗ ನಾನು ಎದ್ದು ಹೋದ್ರೆ ಯೂನಿಫಾರ್ಮೂ ಜೊತೆಗೆ ಬರತ್ತೆ."

ಗುಮಾಸ್ತನಿಗೆ ನಗು ಬಂತು. ತಿಂಗಳಿಂದ ಬಳಸದ ಕೆನ್ನೆ ನೋಯಿತು. ಅಷ್ಟರಲ್ಲಿ ಅಕ್ಕ ಫೋನು ತೆಗೆದುಕೊಂಡಳು.

"ಪುಟ್ಟಾ, ಊಟ ಆಯ್ತಾ?"

"ಹೂಂ."

"ಏನು ಮಾಡ್ಕೊಂಡೆ?"

"ಏನೋ ಒಂದು."

"ಏನೋ ಒಂದು ಅಂದ್ರೆ ಬಿಸ್ಕತ್ತು. ಇರ್ಲಿ. ಹಡಗು ಎಲ್ಲಿದೆಯೋ?"

ದಾರಿಯಲ್ಲಿದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಹೇಳಿದರೆ ಸಾಕು, ಅಕ್ಕ ನಂಬುತ್ತಿದ್ದಳು. ಸಮುದ್ರವೇ ಬತ್ತಿಹೋಗಿದೆ ಎಂದು ಅವನು ಹೇಳಿದ್ದರೂ ನಂಬುತ್ತಿದ್ದಳು.

"ಬಂದು ಐದು ದಿನ ಆಯ್ತು," ಎಂದ.

"ಮತ್ತೆ?"

"ವಿಳಾಸ ತಪ್ಪಾಗಿದೆ ಅಕ್ಕ. ನಾನೇ ತಪ್ಪು ಹಾಕ್ದೆ. ಪಡೆಯೋರ ಜಾಗದಲ್ಲಿ ನಮ್ಮನೆದು ಹಾಕಿದೀನಿ. ತಿದ್ದಿಸ್ತೀರಾ, ಇಲ್ಲ ಹಿಂದಕ್ಕೆ ಕಳಿಸ್ಬೇಕಾ ಅಂತ ಕೇಳಿದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ."

"ಐದು ದಿನ ಏನು ಮಾಡ್ತಿದ್ದೆ?"

"ಹಿಂದಕ್ಕೆ ಕಳಿಸಿ ಅಂತ ಬರೆದಿಟ್ಟಿದೀನಿ. ಒತ್ತಿಲ್ಲ."

ಅಕ್ಕ ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿಸಿತು. ಬೈಗುಳಕ್ಕೆ ಅವನು ಸಿದ್ಧನಾದ. ಬಂದಿದ್ದರೆ ಹಾಯಾಗಿರುತ್ತಿತ್ತು.

"ಆ ಕಾಗದ ನಾನು ಓದಿದ್ದೆ ಕಣೋ," ಎಂದಳು. "ವಿಳಾಸನೂ ಓದ್ದೆ."

"ಮತ್ತೆ ಸಹಿ ಯಾಕೆ ಹಾಕ್ದೆ?"

"ತಪ್ಪು ಅಂತ ಅನ್ನಿಸ್ಲೇ ಇಲ್ಲ. ನಿನ್ನ ಮನೆ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಇಲ್ಲಿಗೆ ಬಂದು ಹದಿನೈದು ದಿನ ಆಗಿತ್ತು, ತರಕಾರಿ ತಗೊಂಡು ಬರ್ತಾ ದಾರಿ ತಪ್ತು. ಯಾರನ್ನೋ ನಿಲ್ಲಿಸಿ ಕೇಳೋಕೆ ಹೋದೆ. ಬಾಯಿಗೆ ಬಂದಿದ್ದು ಗಿರಣಿ ಹಿಂಭಾಗ. ಆ ಮನುಷ್ಯ ಇಲ್ಲಿ ಗಿರಣಿನೇ ಇಲ್ವಲ್ಲ ಅಂದ. ಆವಾಗ ಹೊಳೀತು, ನಾವಿಬ್ರೂ ಸೇರಿ ಏನು ಮಾಡಿದೀವಿ ಅಂತ."

"ಆವಾಗ್ಲಾದ್ರೂ ಹೇಳ್ಬಾರ್ದಿತ್ತಾ?"

"ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ."

ದೂರದಲ್ಲಿ ಭಾವ ಕತ್ತರಿ ಎಲ್ಲಿ ಎಂದು ಕೂಗುತ್ತಿದ್ದ.

"ವಿಳಾಸ ಹೇಳು," ಎಂದ ಗುಮಾಸ್ತ.

ಅಲ್ಲಿಯವರೆಗೂ ಅವನು ಅದನ್ನು ಕೇಳಿರಲಿಲ್ಲ. ಲೋಕದ ಎಲ್ಲ ಬಂದರುಗಳ ಪಿನ್‌ಕೋಡು ಬಾಯಿಪಾಠವಿದ್ದವನಿಗೆ ಅಕ್ಕ ಯಾವ ಬೀದಿಯಲ್ಲಿದ್ದಾಳೆಂದು ಗೊತ್ತಿರಲಿಲ್ಲ. ಬರೆಯಲು ಏನೂ ಸಿಗದೆ ಬಿಸ್ಕತ್ತಿನ ಪೊಟ್ಟಣ ಬಿಡಿಸಿ ಒಳಮೈ ಮೇಲೆ ಮಾಡಿದ.

"ಬಾಗಿಲು ಸಂಖ್ಯೆ ನಾಲ್ಕು. ನೆಲಮಹಡಿ. ಲಾಂಡ್ರಿ ಪಕ್ಕದ ಸಂದು. ಬರ್ಕೊಂಡ್ಯಾ? ಗೇಟು ಹಸಿರು ಬಣ್ಣದ್ದು ಅಂತನೂ ಹಾಕು."

"ಬಿಲ್ಲಲ್ಲಿ ಬಣ್ಣ ಹಾಕಲ್ಲ ಅಕ್ಕ."

"ಹಾಕಿದ್ರೆ ಏನು, ಹಡಗು ಮುಳುಗತ್ತಾ?"

"ನಾಲ್ಕೇ ಸಾಲು ಹಿಡಿಸೋದು."

"ಮೂರೇ ಆಗಿರೋದು, ಎಣಿಸು."

ಎಣಿಸಿದ. ಮೂರೇ ಆಗಿತ್ತು.

ಸೋಮವಾರ ಬೆಳಗ್ಗೆ ಅಲ್ಲಿ ಭಾವ, ಅಕ್ಕನ ಬಳಿಯಿದ್ದ ಬಿಲ್ಲಿನ ಮೂರೂ ಮೂಲಪ್ರತಿಗಳನ್ನು ಅಂಗಿಯೊಳಗಿಟ್ಟುಕೊಂಡು, ಸ್ಕೂಟರು ನರಳುತ್ತಿದ್ದರೂ ಬಿಡದೆ ಓಡಿಸಿ, ಹಡಗು ಕಂಪನಿಯ ಕಚೇರಿಗೆ ಒಪ್ಪಿಸಿದ. ಹಳೆಯ ಪ್ರತಿಗಳೆಲ್ಲ ವಾಪಸಾದ ಮೇಲೆಯೇ ತಿದ್ದುಪಡಿ. ಅದು ಕಡಲಿಗೆಲ್ಲ ಒಂದೇ ಕಾನೂನು. ಇಲ್ಲಿ ಗುಮಾಸ್ತ ತಿದ್ದುಪಡಿಯ ಅರ್ಜಿ ತುಂಬಿದ. ಹಸಿರು ಗೇಟು ನಾಲ್ಕನೆಯ ಸಾಲಿನಲ್ಲಿ ಹೋಯಿತು. ಕೆಳಗೆ, ತಿದ್ದುಪಡಿಗೆ ಕಾರಣ ಎಂಬ ಖಾನೆ ಇತ್ತು. ಇತರರ ಅರ್ಜಿಗಳಲ್ಲಿ ಅವನು 'ಬೆರಳಚ್ಚಿನ ದೋಷ' ಎಂದು ಹಾಕಿಸುತ್ತಿದ್ದ. ಈ ಸಲ ಬಹಳ ಹೊತ್ತು ಯೋಚಿಸಿ ಬರೆದ: 'ಕನ್‌ಸೈನಿ ಈ ವಿಳಾಸದಲ್ಲಿ ವಾಸವಾಗಿಲ್ಲ.'

"ಇಪ್ಪತ್ತೇಳು ವರ್ಷಕ್ಕೆ ಒಂದು ತಪ್ಪು," ಎಂದರು ಮ್ಯಾನೇಜರು ಸಹಿ ಹಾಕುತ್ತ. "ಫ್ರೇಮ್ ಹಾಕಿಸಿ ಗೋಡೆಗೆ ತಗುಲಿ ಹಾಕೋಣ್ವಾ?"

"ಬೇಡ ಸಾರ್. ಫೈಲಿಗೆ ಹಾಕಿ ಸಾಕು."

ಆ ಸಂಜೆ ಅವನು ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಗಿರಣಿಯವನ ಹೆಂಡತಿ. ಕೈಯಲ್ಲಿ ಜಿಪ್ಪು ಕಿತ್ತ ಕೋಟು.

"ಅಕ್ಕ ಬಂದ್ರಾ? ಹೊರಗಡೆ ಹೋಗಿದಾರೆ ಅಂತಿದ್ರಿ ಅವತ್ತು."

ಹಾಗೆಂದು ಐದು ವಾರದಿಂದ ಎಲ್ಲರಿಗೂ ಹೇಳಿ ಕಳಿಸುತ್ತಿದ್ದ.

"ಇಲ್ಲ. ಅಕ್ಕನ ಮನೆ ಇದಲ್ಲ ಈಗ," ಎಂದ. ಆಮೇಲೆ ಬಾಗಿಲು ಸಂಖ್ಯೆಯಿಂದ ಶುರುಮಾಡಿ, ಸಂದು, ಗೇಟು, ಊರು, ದೇಶ, ಒಂದೂ ಬಿಡದೆ ನಿಧಾನವಾಗಿ ಹೇಳಿದ.

ಅವಳು ಕೋಟನ್ನೂ ಅವನನ್ನೂ ನೋಡಿದಳು. "ಒಂದು ಜಿಪ್ಪಿಗೆ ಅಷ್ಟು ದೂರ ಹೋಗ್ಲಾ?"

"ಕೇಳಿದ್ರಲ್ಲ, ಹೇಳ್ದೆ."

"ಆಯ್ತು. ಬರ್ತೀನಿ ಹಾಗಾದ್ರೆ."

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ಎರಡನೆಯ ಮಹಡಿ ತಲುಪುವಷ್ಟರಲ್ಲಿ ಮೆಟ್ಟಿಲ ದೀಪ ತಾನಾಗಿ ಆರಿತು; ಒಮ್ಮೆ ಗುಂಡಿ ಒತ್ತಿದರೆ ಅದು ಒಂದು ನಿಮಿಷಕ್ಕಿಂತ ಹೆಚ್ಚು ಉರಿಯುವುದಿಲ್ಲ. "ಸ್ವಲ್ಪ ಗುಂಡಿ ಒತ್ತಿ," ಎಂದು ಕತ್ತಲಿನಿಂದ ಅವಳೆಂದಳು. ಅವನು ಒತ್ತಿದ. ಕೆಳಗಿನ ಬಾಗಿಲು ತೆರೆದು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಆರಿತು. ಅವನು ಬಾಗಿಲಲ್ಲೇ ನಿಂತು ಇನ್ನೊಮ್ಮೆ ಒತ್ತಿದ.