ಬೆಚ್ಚನೆಯ ಜಾಗ

"ಏ ಮಾಪಿ, ಕಣ್ಣಾಗ ಮಣ್ಣ ಬಿದ್ದದೇನ್ ಬೇ? ಸಿಲಿಂಡರಿಗಿ ಬೆನ್ನ ಹಚ್ಚಿ ಕುಂತೀಯಲ್ಲ! ಅದು ತಿರುಗಿ ನಮ್ಮ ಅಡಗಿ ಮನಿಗಿ ಬರೂದದ. ಸರಿ ಆ ಕಡಿ, ರಂಡೆ!"

ಶಿವರಾಯಗೌಡ ಬಾಯೊಳಗಿನ ಎಲೆಯಡಿಕೆಯನ್ನು ದಾರಿಗೆ ಉಗುಳಿ, ವ್ಯಾನಿನ ಮುಂದಿನ ಸೀಟಿನಲ್ಲಿ ಏರಿ ಕೂತ. ಮಾಪಮ್ಮ ಬೆನ್ನು ಕಿತ್ತುಕೊಂಡು ಮುಂದಕ್ಕೆ ಸರಿದಳು. ಅವಳು ಸರಿದಳೆಂದರೆ ಮುಂದಿನವಳೂ ಸರಿಯಬೇಕು, ಅವಳ ಮುಂದಿನವಳೂ. ಕೇರಿಯ ಎಂಟ್ಹತ್ತು ಹೆಂಗಸರು ಕುಡಗೋಲು, ಬುತ್ತಿ ಗಂಟುಗಳ ಸಮೇತ ಡ್ರೈವರನ ಬೆನ್ನ ಹಿಂದೆ ಒತ್ತೊತ್ತಾಗಿ ಸೇರಿದರು.

ವ್ಯಾನು ಮುಂಬೈಯಿಂದ ಯಾರ್‍ಯಾರದೋ ಕೈ ದಾಟಿ ಬಂದದ್ದು. ಪೆಟ್ರೋಲು ತುಟ್ಟಿ ಅಂತ ಗೌಡ ಅದಕ್ಕೆ ಅಡುಗೆ ಗ್ಯಾಸು ಜೋಡಿಸಿದ್ದ. ಹಿಂದಿನ ಸೀಟು ಕಿತ್ತೆಸೆದು ಅಲ್ಲಿ ಸಿಲಿಂಡರು ನಿಲ್ಲಿಸಿದ್ದ. ಮನೆಯಲ್ಲಿ ಗ್ಯಾಸು ತೀರಿದರೆ ಇದೇ ಸಿಲಿಂಡರು ಒಲೆಯ ಪಕ್ಕ ಹೋಗುತ್ತಿತ್ತು. ಹಾಗಾಗಿ ಕೇರಿಯವರ ಮೈ ಅದಕ್ಕೆ ತಾಗಬಾರದು. ಅದರ ಸುತ್ತ ಒಂದು ಮೊಳ ಜಾಗ ಯಾವಾಗಲೂ ಖಾಲಿ.

ಡ್ರೈವರನ ಬೆನ್ನ ಹಿಂದಿನ ನೆಲವೋ, ರೊಟ್ಟಿ ಹಂಚಿನ ಹಾಗೆ ಬೆಚ್ಚಗೆ. ಪುಷ್ಯದ ಚಳಿ, ತೊಗರಿ ಕೊಯ್ಯುವ ಕಾಲ, ಹೊರಗೆ ಮಂಜು ಬಿದ್ದು ದಾರಿ ಕಾಣುತ್ತಿರಲಿಲ್ಲ.

"ಗೌಡ ಏನ ಕೊಡಲಿಲ್ಲಂದ್ರೂ ನಮ್ಮ ಕುಂಡಿ ಬೆಚ್ಚಗ ಇಟ್ಟಾನ ನೋಡ್ರೇ," ಅಂತ ಹುಸೇನಮ್ಮ ಮೆಲ್ಲಗೆ ಅಂದಳು. ಹೆಂಗಸರು ಸೆರಗಿನೊಳಗೆ ನಕ್ಕರು.

ಆ ಬೆಚ್ಚನೆಯ ಜಾಗಕ್ಕೆ ಕೇರಿಯವರದೇ ಒಂದು ಕಟ್ಟಳೆ ಇತ್ತು. ಮುಟ್ಟಾದವಳು, ಬಾಣಂತಿ, ಮೈಯಲ್ಲಿ ಶಕ್ತಿ ಇಲ್ಲದವಳು ಅಲ್ಲಿ ಕೂಡಬೇಕು, ಗಟ್ಟಿಮುಟ್ಟಾದವರು ಅಂಚಿಗೆ. ಈ ಸಲ ಅದು ಮಾಪಮ್ಮನ ಸೊಸೆ ಜಗದೇವಿಯ ಪಾಲು. ಹೊಟ್ಟೆಯಲ್ಲಿ ಏಳು ತಿಂಗಳದ್ದು, ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ.

"ನೀ ಕುಂದ್ರು ಅತ್ತೀ," ಅಂದಳು ಜಗದೇವಿ.

"ನಂದೇನದ, ಒಣ ಕಟಗಿ. ನೀ ಕುಂದ್ರು. ಕೂಸಿಗಿ ಬೆಚ್ಚಗಾಗ್ಲಿ."

ಜೇವರ್ಗಿ ಮುಟ್ಟಿದಾಗ ಗೌಡ ಅಡತಿ ಅಂಗಡಿಯವರಲ್ಲಿ ಚಹಾಕ್ಕಂತ ಇಳಿದ. "ಇಂಜಿನ್ ಬಂದ ಮಾಡಬ್ಯಾಡಲೇ ಖಾಜಾ, ಥಂಡಿಯಾಗ ಮತ್ತ ಚಾಲು ಆಗಂಗಿಲ್ಲ," ಅಂದ. ಡ್ರೈವರ್ ಖಾಜಾ ಬೀಡಿ ಹಚ್ಚಿಕೊಂಡು ಹೋಟೆಲಿನ ಒಲೆಯ ಹತ್ತಿರ ಹೋಗಿ ನಿಂತ. ವ್ಯಾನಿನ ಬಾಗಿಲ ಚಿಲಕ ಕೆಟ್ಟಿತ್ತು. ಅದನ್ನು ಹೊರಗಿನಿಂದ ಹಗ್ಗ ಬಿಗಿದೇ ಮುಚ್ಚುತ್ತಿದ್ದರು. ಕಿಟಕಿಗಳ ಗಾಜುಗಳು ಎಂದೋ ಕಚ್ಚಿಕೊಂಡು ತೆರೆಯದಾಗಿದ್ದವು. ಇಂಜಿನ್ನು ಗುಂಯ್‌ಗುಡುತ್ತಿತ್ತು. ಮಾಪಮ್ಮನಿಗೆ ತಲೆ ಸಿಡಿಯತೊಡಗಿತು. ತಲೆನೋವಿನ ಮಾತು ಹಿಂದೆಯೂ ಗೌಡನ ಕಿವಿಗೆ ಹಾಕಿದ್ದರು. "ಗ್ಯಾಸಿನ ಗಾಡಿಲೇ ಇದು, ಹೊಗಿನೇ ಇಲ್ಲ. ರಾತ್ರಿ ಸಿಂದಿ ಕುಡೀತೀರಿ, ಮುಂಜಾನಿ ತಲಿನೋವ ಅಂತೀರಿ," ಅಂದಿದ್ದ.

ಖಾಜಾ ಬಂದು ಹಗ್ಗ ಬಿಚ್ಚಿದಾಗ ಹುಸೇನಮ್ಮ ಹೊಸ್ತಿಲಲ್ಲೇ ಕಕ್ಕಿಕೊಂಡಳು. ಇನ್ನಿಬ್ಬರು ಇಳಿಯಲು ಹೋಗಿ ಮುಗ್ಗರಿಸಿ ಬಿದ್ದರು. ಜಗದೇವಿ ಮಾತ್ರ ಮೊಣಕಾಲ ಮೇಲೆ ತಲೆ ಇಟ್ಟು ಹಾಗೇ ಕೂತಿದ್ದಳು. ಮಾಪಮ್ಮ ಅವಳ ಗದ್ದ ಎತ್ತಿ ನೋಡಿದಳು. ಕೆನ್ನೆ ಕೆಂಪಗೆ, ತುಟಿ ಕೆಂಪಗೆ, ಮದುಮಗಳ ಕಳೆ.

"ನಿದ್ದಿ ಹತ್ತ್ಯಾದ," ಅಂದಳು. ಮತ್ತೆ ಅಲುಗಿಸಿದಳು. ಆಮೇಲೆ ಅಲುಗಿಸುವುದು ಬಿಟ್ಟಳು.

ಗೌಡ ಚಹಾದ ಬಾಯಿ ಒರೆಸುತ್ತ ಬಂದ. "ಬಸುರಿ ಹೆಣಮಗಳು, ಮೈಯಾಗ ರಗತ ಇದ್ದಿಲ್ಲ. ಅಷ್ಟ ಆಯುಷ್ಯ."

"ರಗತ ಇದ್ದಿಲ್ಲಂದ್ರ ಮಾರಿ ಇಷ್ಟ ಕೆಂಪ ಹ್ಯಾಂಗ್ರಿ ಯಪ್ಪಾ?" ಅಂತ ಮಾಪಮ್ಮ ಕೇಳಿದಳು.

ಮಣ್ಣು ಮಾಡಿದ ಮರುದಿನವೇ ಗೌಡರ ಆಳು ಕೇರಿಗೆ ಬಂದ. ನಾಳೆ ಗಾಡಿ ಪಾಸಿಂಗು, ಆರ್‌ಟಿಓ ತಪಾಸಣೆ, ಒಳಗೆಲ್ಲ ಕಕ್ಕಿದ್ದಾರೆ, ಮಾಪಮ್ಮ ಬಂದು ತೊಳೆಯಬೇಕಂತೆ. ಅಷ್ಟೊತ್ತಿಗೆ ಮಗ ಇನ್ನೂ ಪುಣೆಯಿಂದ ಬಂದಿರಲಿಲ್ಲ. ಮಾಪಮ್ಮ ಕೊಡ, ಕಸಬರಿಗೆ ಹಿಡಿದು ಹೋದಳು.

ನೆಲದ ಮೇಲೆ ಒಂದು ಕೊಡ ನೀರು ಸುರಿದಳು. ಕೆಳಗಿನಿಂದ ಖಾಜಾ ಚೀರಿದ: "ಯವ್ವಾ ಯವ್ವಾ, ತಡಿ! ಮಾರಿ ಮ್ಯಾಲ ಬಿತ್ತು!"

ಗಾಡಿಯ ಅಡಿ ಅಂಗಾತ ಮಲಗಿ ಏನೋ ಬಿಗಿಯುತ್ತಿದ್ದವನು ತೊಯ್ದ ಮುಖದಿಂದ ಹೊರಗೆ ಬಂದ. ಇಬ್ಬರೂ ಒಳಗೆ ನೋಡಿದರು. ನೀರು ನಿಂತಿರಲೇ ಇಲ್ಲ. ತಗಡು ತುಕ್ಕು ಹಿಡಿದು ಬಿದ್ದ ತೂತಿನಿಂದ ಅಷ್ಟೂ ಸೋರಿ ಹೋಗಿತ್ತು. ಅದು ಆ ಬೆಚ್ಚನೆಯ ಜಾಗ.

ಖಾಜಾ ಆಚೀಚೆ ನೋಡಿದ. ಆಮೇಲೆ ದನಿ ಇಳಿಸಿ ಹೇಳಿದ:

"ಈ ತೂತಿನ ಕೆಳಗೇ ಒಂದು ಡಬ್ಬಿ ಇತ್ತು ಯವ್ವಾ. ಮುಂಬೈ ಗಾಡಿಗಿ ಕಾಯ್ದೆ ಪ್ರಕಾರ ಹಾಕಿರ್ತಾರ. ಹೊಗಿಯಾಗಿನ ವಿಷ ಸುಡ್ತದ ಅದು. ಗಾಡಿ ಎಳಿಯಂಗಿಲ್ಲ ಅಂತ ಗೌಡ ತಗಿ ಅಂದ, ನಾ ತಗದೆ. ಬರೇ ಪೈಪ ಜೋಡಸಿದ್ದೆ. ಆ ಜೋಡು ಬಾಯಿ ಬಿಟ್ಟದ. ಗ್ಯಾಸ ಸುಟ್ಟ ವಿಷ ಕಣ್ಣಿಗಿ ಕಾಣಂಗಿಲ್ಲ, ಮೂಗಿಗಿ ಹತ್ತಂಗಿಲ್ಲ. ಕುಡದವರ ಮಾರಿ ಕೆಂಪಗಾಗ್ತದ."

"ಈಗ ಏನ ಮಾಡಾಕತ್ತಿ?"

"ಡಬ್ಬಿ ತಿರುಗಿ ಹಚ್ಚಾಕತ್ತೇನಿ. ಪಾಸಿಂಗಿಗಿ."

"ಪಾಸಿಂಗ್ ಆದ ಮ್ಯಾಲ?"

ಖಾಜಾ ನಟ್ಟು ಬಿಗಿಯುವ ಪಾನಾ ಎತ್ತಿಕೊಂಡು ಮತ್ತೆ ಗಾಡಿಯ ಅಡಿ ಸೇರಿದ.

ಮರುದಿನ ಮಾಪಮ್ಮ ಪಾಸಿಂಗಿನ ಬಯಲಿಗೆ ಕಬ್ಬಿನ ಟ್ರ್ಯಾಕ್ಟರು ಹಿಡಿದು ಬಂದಳು. ಬೇವಿನ ಗಿಡದ ಕೆಳಗೆ ಇನ್‌ಸ್ಪೆಕ್ಟರ್ ಸಾಹೇಬರು ಕುರ್ಚಿ ಹಾಕಿ ಕೂತಿದ್ದರು. ಸಿಲಿಂಡರು ಆವತ್ತು ಗೌಡರ ಅಡುಗೆಮನೆಯಲ್ಲಿತ್ತು, ಗಾಡಿ ಪೆಟ್ರೋಲಿನ ಮೇಲೆ ಬಂದಿತ್ತು. ಗಾಡಿಯ ಹಿಂದಿನ ಕೊಳವೆಗೆ ಹೊಗೆ ಅಳೆಯುವ ಮಷೀನಿನ ನಳಿಗೆ ತೂರಿಸಿ ನೋಡುತ್ತಿದ್ದರು.

"ಹಿಂದ ನೋಡಬ್ಯಾಡ್ರಿ ಸಾಹೇಬ್ರ," ಮಾಪಮ್ಮ ಕೈ ಮುಗಿದಳು. "ಒಳಗ ಕುಂದರ್ರಿ. ನೆಲದ ಮ್ಯಾಲ, ಡ್ರೈವರನ ಹಿಂದ. ನನ್ನ ಸೊಸಿ ಅಲ್ಲೇ ಕುಂತು ಸತ್ತಾಳ್ರಿ."

"ತಲಿ ಕೆಟ್ಟದ್ರಿ ಪಾಪ, ಸೊಸಿ ಹೋದ ಮ್ಯಾಲ," ಅಂದ ಗೌಡ.

ಸಾಹೇಬರು ಕೆಟ್ಟವರಲ್ಲ. ಗದರಿಸಲಿಲ್ಲ, ಓಡಿಸಲಿಲ್ಲ. ಬೂಟು ಕಳೆದು ಒಳಗೆ ಹತ್ತಿ, ಚಕ್ಕಳ ಮಕ್ಕಳ ಹಾಕಿ ಅದೇ ಜಾಗದಲ್ಲಿ ಕೂತರು. "ಚಾಲು ಮಾಡಪಾ. ಬಾಗಿಲಾ ಹಾಕು." ಇಂಜಿನ್ನು ಗುಂಯ್‌ಗುಟ್ಟಿತು. ಸುತ್ತಲಿನ ಡ್ರೈವರುಗಳು ತಮಾಷೆ ನೋಡಲು ಬಂದು ನಿಂತರು. ಮಾಪಮ್ಮ ಕಿಟಕಿಗೆ ಮುಖ ಒತ್ತಿ ಸಾಹೇಬರ ಕೆನ್ನೆಯನ್ನೇ ನೋಡಿದಳು. ಕೆಂಪಾಗಲಿಲ್ಲ. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕೂತು ಸಾಹೇಬರು ಇಳಿದರು.

"ನನಗೇನರೆ ಆತೇನವಾ? ತಲಿ ಸುದ್ದಾ ನೋಯಲಿಲ್ಲ."

ಬಯಲಿಗೆ ಬಯಲೇ ನಕ್ಕಿತು. ಸಾಹೇಬರು ಖಾಜಾನ ಕಡೆ ತಿರುಗಿದರು. "ಏನೋ ಡ್ರೈವರ್, ಈಕಿ ಹೇಳೂದು ಖರೆ ಏನು?"

ಖಾಜಾ ಗೌಡನ ಮುಖ ನೋಡಿದ. "ಇಲ್ರಿ ಸಾಬ್."

"ನಾಳಿ ಬರ್ರಿ ಯಪ್ಪಾ," ಮಾಪಮ್ಮ ಅವರ ಕಾಲಿಗೆ ಬಿದ್ದಳು. "ನಾಳಿ ಮುಂಜಾನಿ ನಮ್ಮ ಕೇರಿಗಿ ಬಂದು ಕುಂದರ್ರಿ."

"ನಾಳಿ ನಾ ಅಫಜಲಪುರದಾಗ ಇರ್ತೇನವಾ," ಅಂದರು ಸಾಹೇಬರು, ಬೂಟಿನ ಲಾಡಿ ಕಟ್ಟುತ್ತ.

ಗಾಡಿ ಪಾಸಾಯಿತು. ಬಯಲು ದಾಟಿ ಡಾಂಬರಿಗೆ ಬರುವ ಮೊದಲೇ ಗೌಡ ಅದನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಮಾಪಮ್ಮ ದಾರಿಯ ಬದಿ ಟ್ರ್ಯಾಕ್ಟರಿಗೆ ಕಾಯುತ್ತ ನಿಂತಿದ್ದಳು. ಖಾಜಾನ ಎರಡು ಕಾಲು ಗಾಡಿಯ ಅಡಿಯಿಂದ ಹೊರಗೆ ಚಾಚಿದ್ದವು. ಸ್ವಲ್ಪ ಹೊತ್ತಿಗೆ ಡಬ್ಬಿ ಉರುಳಿ ಹೊರಗೆ ಬಂತು.

ಮಾರನೆಯ ಮುಂಜಾನೆ ಕೇರಿಯ ಬಾಯಲ್ಲಿ ವ್ಯಾನಿನ ಹಾರ್ನು ಕೇಳಿತು. ಗೌಡ ಮೊದಲೇ ಹೊಲಕ್ಕೆ ಹೋಗಿದ್ದ.

ಮಾಪಮ್ಮ ಹಿಂದಿನ ಸಂಜೆಯೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು. ಎಲ್ಲರೂ ನಂಬಿದ್ದರು. ನಂಬಿದ ಮೇಲೂ ಕುಡಗೋಲು ಹಿಡಿದು ಬಂದು ನಿಂತಿದ್ದರು.

"ನಡಕೊಂತ ಹೋಗಬೇಕಂದ್ರ ಹೊತ್ತ ನೆತ್ತಿಗಿ ಬರ್ತದ ಅಕ್ಕಾ," ಅಂದಳು ಹುಸೇನಮ್ಮ. "ಹೋಗಲಿಲ್ಲಂದ್ರ ಗೌಡ ಗುಡಸಲಾ ಕೀಳಸ್ತಾನ. ಜಾಗಾ ಅವಂದೇ ಅಲಾ."

ಒಬ್ಬೊಬ್ಬರೇ ಹತ್ತಿದರು. ಆ ಬೆಚ್ಚನೆಯ ಜಾಗದಲ್ಲಿ ಯಾರೂ ಕೂಡಲಿಲ್ಲ. ಅದರ ಸುತ್ತ ಮೊಣಕಾಲು ಕಟ್ಟಿಕೊಂಡು, ಚಿತೆಯ ಸುತ್ತ ಕೂತವರ ಹಾಗೆ ಕೂತರು. ಖಾಜಾ ಯಾರ ಮುಖವನ್ನೂ ನೋಡದೆ ಹಗ್ಗ ಬಿಗಿದ. ಗಾಡಿ ಹೊರಟಿತು.

ಹಳ್ಳ ದಾಟುವಷ್ಟರಲ್ಲಿ ಮೊದಲು ಆಕಳಿಸಿದವಳು ಬಾಣಂತಿ ಶರಣವ್ವ. ಅವಳ ತಲೆ ಪಕ್ಕಕ್ಕೆ ವಾಲಿತು.

ಮಾಪಮ್ಮ ಕುಡಗೋಲು ತಿರುಗಿಸಿ ಹಿಡಿದಳು. ಹಿಡಿಕೆಯಿಂದ ಕಿಟಕಿಯ ಗಾಜಿಗೆ ಹೊಡೆದಳು. ಒಡೆಯಲಿಲ್ಲ. ಮತ್ತೆ ಹೊಡೆದಳು. ಗಾಜು ಕಾಳಿನ ಹಾಗೆ ಉದುರಿತು.

ಖಾಜಾ ಬ್ರೇಕು ತುಳಿದ. "ಯವ್ವಾ! ಗೌಡ ನನ್ನ ಕೊಲ್ತಾನ!"

"ಕೊಲ್ಲಲಿ," ಅಂದಳು ಮಾಪಮ್ಮ, "ಅದು ನಾಕ ಮಂದಿಗಿ ಕಾಣಸ್ತದ. ನೀ ಹೊಡಿ ಗಾಡಿ."

ಆಚೆ ಕಿಟಕಿಗೆ ಹುಸೇನಮ್ಮ ಹೊಡೆದಳು. ಹಿಂದಿನದಕ್ಕೆ ಇನ್ನೊಬ್ಬಳು. ಬೆಳಗಿನ ಗಾಳಿ ಒಳಗೆ ನುಗ್ಗಿ ಸೆರಗುಗಳನ್ನು ಕಿತ್ತಾಡಿತು. ಹಲ್ಲು ಕಟಕಟಿಸಿದವು. ಶರಣವ್ವ ಕಣ್ಣು ಬಿಟ್ಟು, "ಯವ್ವಾ, ಸಾಯೂವಷ್ಟ ಥಂಡಿ," ಅಂದಳು. ಮಾಪಮ್ಮನ ಅಂಗೈಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

ಮಂಜಿನಾಚೆ ತೊಗರಿ ಹೊಲದ ಬದು ಕಂಡಿತು. ಬದುವಿನ ಮೇಲೆ ಶಿವರಾಯಗೌಡ ನಿಂತಿದ್ದ. ಗಾಜಿಲ್ಲದ ಗಾಡಿಯನ್ನು ಕಣ್ಣು ಕಿರಿದು ಮಾಡಿ ನೋಡಿದ, ಬಾಗಿ ಕಾಲಿನ ಕೆರ ಕಳಚಿ ಕೈಗೆ ತೆಗೆದುಕೊಂಡ. ಗಾಡಿ ಅವನ ಕಡೆಗೇ ಹೋಗುತ್ತಿತ್ತು. ಒಳಗಿನ ಹೆಂಗಸರು ನಡುಗುತ್ತಿದ್ದರು. ಯಾರೂ ತೂಕಡಿಸುತ್ತಿರಲಿಲ್ಲ.