ತೂಬಿನ ಮೇಲಿನ ನೀಲಿ ಟೋಪಿ

ನನ್ನ ತಮ್ಮ ಭೀಮರಾಜ ದಕ್ಷಿಣ ಸುಡಾನಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಒಂದು ವರ್ಷ ಇದ್ದು, ರಜೆಯ ಮೇಲೆ ದೇಶನೂರಿಗೆ ಬಂದಾಗ ಇಲ್ಲಿಯೇ ಯುದ್ಧ ನಡೆದಿತ್ತು. ಕಾಲುವೆಯ ತೂಬಿಗಾಗಿ ನಮಗೂ ಮೇಲಿನ ಊರಿನವರಿಗೂ ಹೊಡೆದಾಟವಾಗಿ ಇಬ್ಬರು ಸಿರುಗುಪ್ಪದ ಆಸ್ಪತ್ರೆ ಸೇರಿದ್ದರು. ನನ್ನ ಮೂರೆಕರೆ ಭತ್ತ ಹಾಲು ಕಟ್ಟುವ ಹೊತ್ತು. ವಾರದೊಳಗೆ ನೀರು ಹಾಯದಿದ್ದರೆ ಬರೀ ಜೊಳ್ಳು.

“ನೀ ಮಿಲ್ಟ್ರಿಯಂವ. ಬಡಿಗಿ ಹಿಡಕಂಡು ನಮ್ ಮುಂದ ನಿಂದ್ರು,” ಅಂದೆ.

“ಮುಂದ ಅಲ್ಲಣ್ಣ, ನಡುವ ನಿಂದರ್ತೀನಿ. ಅಲ್ಲಿ ನಮ್ ಕೆಲಸ ಅದಾ ಐತಿ. ಎರಡೂ ಕಡಿಯವ್ರು ಒಪ್ಪಬೇಕು, ನಾವು ಯಾರ ಕಡಿನೂ ಆಗಬಾರ್ದು. ಜೀವ ಉಳಸಾಕ ಬಿಟ್ರ ಕೈ ಎತ್ತಂಗಿಲ್ಲ.”

ಮೇಲಿನ ಊರಿಗೆ ಒಬ್ಬನೇ ಹೋಗಿ ಅಲ್ಲಿನ ಹಿರಿಯ ಕರಿಬಸವನನ್ನು ಒಪ್ಪಿಸಿ ಬಂದ. ದಿನಕ್ಕೆ ಒಂದೊಂದು ಊರಿಗೆ ಆರು ತಾಸು ನೀರು. ಪಾಳಿ ಮುರಿದವನ ಗದ್ದೆಗೆ ಮುಂದಿನ ಪಾಳಿ ಇಲ್ಲ. ಭೀಮರಾಜ ತೂಬಿನ ಮೇಲೆ ಕೂತು, ತಪ್ಪಿದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಎಲ್ಲರೂ ಸಹಿ ಹಾಕಿದೆವು. ನಾನು ಒಳಗೊಳಗೇ ನಕ್ಕೆ. ತೂಬಿನ ಮೇಲೆ ಕೂರುವವನು ನನ್ನ ಒಡಹುಟ್ಟಿದವನು, ಇನ್ನು ತೂಬು ನಮ್ಮದೇ ಎಂದು ಊರಿಗೆ ಊರೇ ತಿಳಿದಿತ್ತು. ಎಂಥ ಮಂಕು ನಾವು!

ಮೂರನೆಯ ದಿನ ನಮ್ಮ ಪಾಳಿಗೆ ಇನ್ನೂ ಒಂದು ತಾಸಿರುವಾಗಲೇ ತೂಬು ಎತ್ತಲು ಹೋದೆ. ಆಚೆ ದಡದಲ್ಲಿ ಮೇಲಿನ ಊರಿನವರು ಬಡಿಗೆ ಹಿಡಿದು ನಿಂತಿದ್ದರು. ಶಾಂತಿಪಡೆಯ ನೀಲಿ ಟೋಪಿ ಹಾಕಿಕೊಂಡಿದ್ದ ಭೀಮರಾಜ ಎದ್ದು ನನಗೇ ಅಡ್ಡ ನಿಂತ.

“ಇನ್ನಾ ಹೊತ್ತಾಗಿಲ್ಲಣ್ಣ.”

“ಅತ್ತ ಸರಿಯಲೇ! ಒಂದಾ ಹೊಟ್ಟ್ಯಾಗ ಹುಟ್ಟಿದ್ದು ಮರ್ತಿಯೇನು?”

“ಮರ್ತಿಲ್ಲ. ಸರಿಯಂಗೂ ಇಲ್ಲ.”

ಸಿಟ್ಟಿನಲ್ಲಿ ನೂಕಿದೆ. ಟೋಪಿ ಕಾಲುವೆಗೆ ಬಿತ್ತು. ಅವನು ಕೈ ಎತ್ತಲಿಲ್ಲ, ಕಾಲೂ ಕೀಳಲಿಲ್ಲ. ನನ್ನ ಕಣ್ಣೆದುರೇ ಪುಸ್ತಕ ತೆರೆದು ಬರೆದ: ‘ಹಂಪಯ್ಯ, ದೇಶನೂರು. ಪಾಳಿ ಮುರಿದರು.’

ಆಗ ಕರಿಬಸವ ಬಡಿಗೆ ಬಿಸಾಡಿ, ಧೋತರ ಎತ್ತಿ ಕಟ್ಟಿ ನೀರಿಗಿಳಿದ. ತೇಲಿ ಹೋಗುತ್ತಿದ್ದ ಟೋಪಿಯನ್ನು ಹಿಡಿದು ತಂದು, ಹಿಂಡಿ, ನನ್ನ ತಮ್ಮನ ತಲೆಗಿಟ್ಟ. “ಕುಂದ್ರಪಾ. ನಾಳಿ ನಮ್ಮವ್ರು ತಪ್ಪಿದ್ರ ನಮ್ ಹೆಸ್ರೂ ಬರಿ,” ಅಂದ. ಅವನ ಕಡೆಯವರ ಬಡಿಗೆಗಳೂ ಕೆಳಗಿಳಿದವು.

ನನಗೆ ಪಾಳಿ ತಪ್ಪಿ ಒಂದೆಕರೆ ಜೊಳ್ಳಾಯಿತು. ಸಂಕಟವಾಗಲಿಲ್ಲ ಅಂದರೆ ಸುಳ್ಳು. ಆದರೆ ಆಮೇಲೆ ಯಾರ ತಲೆಯೂ ಒಡೆಯಲಿಲ್ಲ.

ರಜೆ ಮುಗಿದು ಹೊರಟ ದಿನ ಭೀಮರಾಜ ಪುಸ್ತಕ ಹಿಡಿದು, ಇನ್ನು ಮುಂದೆ ಬರೆಯುವವರು ಯಾರು ಎಂದು ಕೇಳಿದ. ನಾನೇ ಕೈಚಾಚಿದೆ.

“ಅವರ ಕಡಿ ತಪ್ಪು ಕರಿಬಸವ ಬರೀಲಿ, ನಮ್ ಕಡಿದು ನಾ ಬರೀತೀನಿ. ಮೊದಲನೇ ಹೆಸ್ರು ನಂದಾ ಐತಲ್ಲ.”